ಜನ ಇರುವ ದ್ವೀಪದಿಂದ ಇಲಿಗಳನ್ನು ಪೂರ್ತಿ ತೆಗೆಯಲು ಆಗುತ್ತಾ? ಲಾರ್ಡ್ ಹೌ ನೋಡಿದವರು ಇದ್ದೀರಾ?

ಹಸಿರುಗರಿ:

ಎಲ್ಲರಿಗೂ ನಮಸ್ಕಾರ. ದ್ವೀಪಗಳ ಹಕ್ಕಿಗಳ ಬಗ್ಗೆ ಒಂದು ಸೆಮಿನಾರ್ ಮಾಡಬೇಕಿದೆ. ಓದುತ್ತಾ ಹೋದಾಗ ಆಸ್ಟ್ರೇಲಿಯಾದ ಲಾರ್ಡ್ ಹೌ ದ್ವೀಪದ ವಿಷಯ ಸಿಕ್ಕಿತು. 2019ರಲ್ಲಿ ಅಲ್ಲಿ ಇಲಿ, ಸುಂಡಿಲಿ ಒಂದನ್ನೂ ಬಿಡಬಾರದು ಎಂದು ಹೆಲಿಕಾಪ್ಟರಿನಿಂದ ವಿಷದ ಗುಳಿಗೆ ಚೆಲ್ಲಿದರಂತೆ. ಜನ ಇಲ್ಲದ ದ್ವೀಪಗಳಲ್ಲಿ ಹೀಗೆ ಮಾಡುವುದು ಗೊತ್ತಿತ್ತು. ಆದರೆ ಇಲ್ಲಿ ಸುಮಾರು 350 ಜನ ಇದ್ದರು. ಶಾಲೆ ಇದೆ, ಮಕ್ಕಳಿದ್ದಾರೆ, ಸಾಕುನಾಯಿಗಳಿವೆ.

ಜನ ಹೇಗೆ ಒಪ್ಪಿದರು? ಉಳಿಸಬೇಕಾದ ಹಕ್ಕಿಗಳೇ ಆ ಗುಳಿಗೆ ತಿನ್ನುವುದಿಲ್ವಾ? ಆಮೇಲೆ ಕಾಡಿನಲ್ಲಿ ನಿಜವಾಗಿ ಏನು ಬದಲಾಯಿತು? ವರದಿಗಳಲ್ಲಿ ಅಂಕಿಅಂಶ ಬೇಕಾದಷ್ಟಿದೆ. ನನಗೆ ಕಣ್ಣಾರೆ ನೋಡಿದವರ ಮಾತು ಬೇಕು.

ಕಳೆ ಕೀಳುವವಳು:

ಹಸಿರುಗರಿ, ನಾನು ಎರಡು ಸಲ ಹೋಗಿ ಬಂದಿದ್ದೇನೆ. ಇಲಿ ತೆಗೆಯುವ ಮೊದಲು 2017ರಲ್ಲಿ, ತೆಗೆದ ಮೇಲೆ 2024ರಲ್ಲಿ. ಎರಡು ಸಲವೂ ಕಳೆ ಕೀಳುವ ಸ್ವಯಂಸೇವಕರ ಜೊತೆ, ಒಂದೊಂದು ವಾರ. ನಾನು ವಿಜ್ಞಾನಿ ಅಲ್ಲ, ಮಂಡಿಯೂರಿ ಕೆಲಸ ಮಾಡಿದವಳು. ನೆಲದಲ್ಲಿ ಕಂಡದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಸಿಡ್ನಿಯಿಂದ ಸಣ್ಣ ವಿಮಾನದಲ್ಲಿ ಎರಡು ಗಂಟೆ ಹತ್ತಿರ. ಉದ್ದ 10-11 ಕಿಲೋಮೀಟರ್, ಅಗಲ ಹೆಚ್ಚೆಂದರೆ ಎರಡು. ದಕ್ಷಿಣದ ತುದಿಯಲ್ಲಿ ಎರಡು ಬೆಟ್ಟ, ಅದರಲ್ಲಿ ದೊಡ್ಡದು ಮೌಂಟ್ ಗವರ್, 875 ಮೀಟರ್. ಒಂದು ಸಲಕ್ಕೆ 400 ಪ್ರವಾಸಿಗಳಿಗೆ ಮಾತ್ರ ಜಾಗ. 1982ರಿಂದ ವಿಶ್ವ ಪರಂಪರೆ ತಾಣ.

ಈ ಕತೆ ಶುರುವಾಗುವುದು 1918ರ ಜೂನ್‌ನಲ್ಲಿ. ಮಕಾಂಬೋ ಎಂಬ ಹಡಗು ದ್ವೀಪದ ಹತ್ತಿರ ಬಂಡೆಗೆ ತಗುಲಿತು. ರಿಪೇರಿಗೆ ನೆಡ್ಸ್ ಬೀಚಿನಲ್ಲಿ ಒಂಬತ್ತು ದಿನ ನಿಂತಿತು. ಅಷ್ಟರಲ್ಲಿ ಇಲಿಗಳು ದಡ ಸೇರಿದವು. ಅಲ್ಲಿಯ ಹಕ್ಕಿಗಳಿಗೆ ಇಲಿ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಬೇರೆಲ್ಲೂ ಇಲ್ಲದ ಐದು ಜಾತಿಯ ಹಕ್ಕಿಗಳು ಕೆಲವೇ ವರ್ಷಗಳಲ್ಲಿ ಹೋದವು. ಕೀಟಗಳು, ಬಸವನಹುಳುಗಳು ಎಷ್ಟೋ. ಇಲಿ ತಿನ್ನಲಿ ಅಂತ 1920ರ ದಶಕದಲ್ಲಿ ಹೊರಗಿನಿಂದ ಗೂಬೆ ತಂದು ಬಿಟ್ಟರು. ಗೂಬೆಗಳು ಇಲಿಯ ಜೊತೆಗೆ ಅಲ್ಲಿನ ಹಕ್ಕಿಗಳನ್ನೂ ಹಿಡಿದವು. ಇಲಿ ಬಾಲ ತಂದವರಿಗೆ ದುಡ್ಡು ಕೊಟ್ಟರು, ನಾಯಿ ಬಿಟ್ಟರು, ಯಾವುದೂ ಸಾಲಲಿಲ್ಲ.

ಜನ ಹೇಗೆ ಒಪ್ಪಿದರು ಅಂತ ಕೇಳಿದಿರಿ. ಎಲ್ಲರೂ ಒಪ್ಪಲಿಲ್ಲ. 2015ರಲ್ಲಿ ಊರಿನವರ ಅಭಿಪ್ರಾಯಕ್ಕೆ ಹಾಕಿದಾಗ ಬೇಕು ಅಂದವರು 52 ಶೇಕಡಾ. ಅಂದರೆ ಹೆಚ್ಚುಕಡಿಮೆ ಅರ್ಧ ಊರು ಬೇಡ ಅಂದಿತ್ತು. ನೀವು ಸೆಮಿನಾರಿನಲ್ಲಿ ಈ ಒಂದು ಅಂಕಿಯನ್ನು ದಯವಿಟ್ಟು ಬಿಡಬೇಡಿ. ವಿಜ್ಞಾನದ ಲೆಕ್ಕ ಅಷ್ಟರಲ್ಲಿ ತಯಾರಾಗಿತ್ತು. ತಯಾರಾಗದೆ ಇದ್ದದ್ದು ಮನೆಗಳ ಒಳಗಿನ ಒಪ್ಪಿಗೆ.

2017ರಲ್ಲಿ ನಾನು ಉಳಿದುಕೊಂಡಿದ್ದ ಮನೆಯ ಅಜ್ಜಿ ಬೇಡ ಅಂದವರಲ್ಲಿ ಒಬ್ಬರು. ಅವರಿಗೆ ಇಲಿ ಮೇಲೆ ಪ್ರೀತಿ ಏನೂ ಇರಲಿಲ್ಲ. ಅಲ್ಲಿ ಕುಡಿಯುವುದು ಮಾಡಿನ ಮೇಲೆ ಬಿದ್ದ ಮಳೆನೀರು. 'ಟ್ಯಾಂಕಿಗೆ ಬಿದ್ದರೆ? ಮೊಮ್ಮಗು ಅಂಗಳದಲ್ಲಿ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡರೆ?' ಇದು ಅವರ ಪ್ರಶ್ನೆ. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ಬೇಕು ಅಂದಿದ್ದ ಪಕ್ಕದ ಮನೆಯವರ ಜೊತೆ ಮಾತು ಬಿಟ್ಟಿದ್ದರು. ದಿನಾ ಬೆಳಿಗ್ಗೆ ಒಂದೇ ರಸ್ತೆಯಲ್ಲಿ ಸೈಕಲ್ ಹೊಡೆಯುವವರು ಮುಖ ತಿರುಗಿಸಿಕೊಂಡು ಹೋಗುವುದನ್ನು ನೋಡಿ ನನಗೆ ಸಂಕಟವಾಗಿತ್ತು.

ಕೆಲಸ ನಡೆದದ್ದು 2019ರ ಚಳಿಗಾಲದಲ್ಲಿ. ಆಗ ಕಾಡಿನಲ್ಲಿ ಇಲಿಗೆ ತಿನ್ನಲು ಕಡಿಮೆ, ಮರಿ ಹಾಕುವುದೂ ಕಡಿಮೆ, ಪ್ರವಾಸಿಗಳೂ ಕಡಿಮೆ. ಬೆಟ್ಟ, ಕಾಡಿನ ಮೇಲೆ ಹೆಲಿಕಾಪ್ಟರ್. ಊರೊಳಗೆ ಹಾಗೆ ಚೆಲ್ಲಲಿಲ್ಲ. ಅಲ್ಲಿ ಕೈಯಿಂದ ಹಾಕಿದರು, ಮುಚ್ಚಿದ ಪೆಟ್ಟಿಗೆಗಳಲ್ಲಿ ಇಟ್ಟರು. ಸುಮಾರು ಹತ್ತು ಮೀಟರಿಗೆ ಒಂದರಂತೆ ಸಾವಿರಾರು ಪೆಟ್ಟಿಗೆ. ಅಷ್ಟು ಹತ್ತಿರ ಯಾಕೆ ಅಂದರೆ, ಒಂದು ಸುಂಡಿಲಿ ಓಡಾಡುವ ಜಾಗ ಬಹಳ ಚಿಕ್ಕದು. ಅಡುಗೆಮನೆಯ ಮೂಲೆ ಮತ್ತು ಹಿತ್ತಿಲು, ಅದೇ ಅದರ ಪ್ರಪಂಚ. ನಡುವೆ ಒಂದು ಮನೆ ಬಿಟ್ಟುಹೋದರೆ, ಅಲ್ಲಿ ಬಸುರಿ ಇಲಿ ಒಂದೇ ಉಳಿದರೂ, ಅಷ್ಟು ವರ್ಷದ ಕೆಲಸ ನೀರಿನಲ್ಲಿ ಹೋಮ ಮಾಡಿದಂತೆ. ಅದಕ್ಕೇ ಬೇಡ ಅಂದವರ ಮನೆಯಲ್ಲೂ ಪೆಟ್ಟಿಗೆ ಬೇಕಿತ್ತು. ಸಿಂಕಿನ ಕೆಳಗೆ, ಅಟ್ಟದ ಮೇಲೆ, ಕೋಳಿಗೂಡಿನ ಪಕ್ಕ. ಆ ಕೋಳಿಗಳನ್ನೂ ಮೊದಲೇ ಸಾಗಿಸಿದ್ದರು.

ಇನ್ನು ಹಕ್ಕಿಗಳ ವಿಷಯ. ನಿಮ್ಮ ಅನುಮಾನ ಸರಿ, ತಿನ್ನುತ್ತವೆ. ಅಲ್ಲಿ ವುಡ್‌ಹೆನ್ ಅಂತ ಒಂದು ಹಕ್ಕಿ ಇದೆ. ಹಾರಲು ಬರುವುದಿಲ್ಲ, ಕೋಳಿಗಿಂತ ಚಿಕ್ಕದು, ಕಂದು ಬಣ್ಣ. 1970ರ ದಶಕದ ಕೊನೆಗೆ ಮೂವತ್ತರಷ್ಟೂ ಉಳಿದಿರಲಿಲ್ಲ. ಅವೂ ಬೆಟ್ಟದ ತಲೆಯಲ್ಲಿ. ಅವುಗಳಿಗೆ ಮುಖ್ಯ ಶತ್ರು ಕಾಡುಬಿದ್ದ ಹಂದಿಗಳು. ಹಂದಿ ತೆಗೆದು, 1980ರಿಂದ ಮೂರು ಜೋಡಿಯನ್ನು ದ್ವೀಪದಲ್ಲೇ ಸಾಕಿ ಮರಿ ಮಾಡಿಸಿ ಬಿಟ್ಟರು. ಇಷ್ಟು ಕಷ್ಟಪಟ್ಟು ಉಳಿಸಿದ ಹಕ್ಕಿಗೆ ವಿಷ ಹಾಕಲು ಆಗುತ್ತಾ? 2019ರಲ್ಲಿ ಸಿಡ್ನಿಯ ಟರೋಂಗಾ ಮೃಗಾಲಯದವರು ಬಂದು ಇನ್ನೂರಕ್ಕೂ ಜಾಸ್ತಿ ವುಡ್‌ಹೆನ್‌ಗಳನ್ನು ಹಿಡಿದು, ಗುಳಿಗೆ ಕರಗಿಹೋಗುವವರೆಗೆ ತಿಂಗಳುಗಟ್ಟಲೆ ದೊಡ್ಡಿಗಳಲ್ಲಿ ಸಾಕಿದರು. ಕರವಾಂಗ್ ಎಂಬ ಕಾಗೆಯಂಥ ಹಕ್ಕಿಗಳನ್ನೂ ಹಾಗೇ ಇಟ್ಟುಕೊಂಡಿದ್ದರು.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಏನು ಬದಲಾಯಿತು?

2017ರಲ್ಲಿ ನಾವು ಆ ದ್ವೀಪದ್ದೇ ಆದ ಕೆಂಟಿಯಾ ತಾಳೆಮರಗಳ ಕೆಳಗೆ ಸಾಲಾಗಿ ಕೂತು ಚೆರ್ರಿ ಸೀಬೆ ಸಸಿ ಕೀಳುತ್ತಿದ್ದೆವು. ಈ ಸೀಬೆ ಹೊರಗಿನಿಂದ ಬಂದದ್ದು, ಹಣ್ಣು ತಿಂದ ಹಕ್ಕಿಗಳು ಬೀಜ ಹರಡುತ್ತವೆ. ಚಿಗುರು ಕೆಂಪಗೆ ಹೊಳೆಯುತ್ತದೆ, ಒಂದು ಸಲ ಕಣ್ಣಿಗೆ ಅಭ್ಯಾಸವಾದರೆ ಮತ್ತೆ ತಪ್ಪುವುದಿಲ್ಲ. ಆಗ ಕೈಗೆ ಸಿಗುತ್ತಿದ್ದದ್ದು ಕೆಂಟಿಯಾದ ಖಾಲಿ ಕಾಯಿಗಳು. ಅಡಿಕೆಯ ಹಾಗಿರುತ್ತವೆ. ಪಕ್ಕದಲ್ಲಿ ಒಂದು ಗುಂಡು ತೂತು, ಅಂಚಿನಲ್ಲಿ ಜೋಡಿಹಲ್ಲಿನ ಗೀರು, ಒಳಗೆ ಏನೂ ಇಲ್ಲ. ಒಂದು ಬೊಗಸೆ ಎತ್ತಿದರೆ ಗಟ್ಟಿ ಕಾಯಿ ಒಂದೋ ಎರಡೋ.

2024ರಲ್ಲಿ ಅಂಥದ್ದೇ ಜಾಗದಲ್ಲಿ ಮಂಡಿ ಊರಲು ಹೋದರೆ ಊರುವ ಕಡೆಯೆಲ್ಲ ಪುಟ್ಟ ತಾಳೆಸಸಿ. ಕಾಯಿ ಇನ್ನೂ ಬೇರಿಗೆ ಅಂಟಿಕೊಂಡೇ ಇತ್ತು, ತೂತಿಲ್ಲದ ಕಾಯಿ. ಸೀಬೆ ಯಾವುದು, ತಾಳೆ ಯಾವುದು ಅಂತ ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಬೇಕಾಯಿತು. ಕೆಲಸ ನಿಧಾನವಾಯಿತು. ನನಗೆ ಅಲ್ಲೇ ಕಣ್ಣು ತುಂಬಿ ಬಂತು, ಅದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ.

ವುಡ್‌ಹೆನ್ ಲೆಕ್ಕ ಈಗ ಸಾವಿರ ದಾಟಿದೆ. ಮೊದಲ ಸಲ ಒಂದು ವಾರದಲ್ಲಿ ನಾಲ್ಕು ನೋಡಿದ್ದೆ. ಈ ಸಲ ಎರಡು ಕಲ್ಲು ತಟ್ಟಿದರೆ ಸಾಕು, ಏನು ಸದ್ದು ಅಂತ ಪೊದೆಯಿಂದ ಓಡಿ ಬರುತ್ತಿದ್ದವು. ಒಂದು ಹಕ್ಕಿ ನನ್ನ ಕೈಗವಸಿನ ಬೆರಳು ಕುಕ್ಕಿ ಎಳೆಯಿತು.

ಮುಂಗಾರು:

ಓದಿ ಖುಷಿಯಾಯಿತು. ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ಆ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಇಲಿ ಸಾಯಲು ದಿನಗಟ್ಟಲೆ ಬೇಕು. ಇಲಿಯೂ ಜೀವವೇ. ಅದನ್ನು ತಂದವರು ಮನುಷ್ಯರು, ಶಿಕ್ಷೆ ಅದಕ್ಕೆ. ಇದನ್ನು ಹೇಗೆ ಒಪ್ಪಿಕೊಂಡಿರಿ?

ಕಳೆ ಕೀಳುವವಳು:

ಮುಂಗಾರು, ನೀವು ಹೇಳಿದ್ದು ನಿಜ. ಅದು ಸುಲಭದ ಸಾವಲ್ಲ. ನಿಧಾನವಾಗಿ ಕೊಲ್ಲುವ ವಿಷವನ್ನೇ ಆರಿಸಿದ್ದಕ್ಕೂ ಕಾರಣ ಇದೆ: ತಿಂದ ತಕ್ಷಣ ಹೊಟ್ಟೆ ಕೆಟ್ಟರೆ ಇಲಿಗೆ ಅನುಮಾನ ಬರುತ್ತದೆ, ಮತ್ತೆ ಮುಟ್ಟುವುದಿಲ್ಲ. ಇದನ್ನು ಮೆತ್ತಗೆ ಮಾಡಿ ಹೇಳುವ ಮಾತು ನನ್ನ ಹತ್ತಿರ ಇಲ್ಲ.

ನನ್ನ ಮನಸ್ಸು ಒಪ್ಪಿದ್ದು ಒಂದು ಕಾರಣಕ್ಕೆ. 2019ಕ್ಕೆ ಮೊದಲು ಅಲ್ಲಿ ವಿಷ ಇರಲಿಲ್ಲ ಅಂತ ಅಂದುಕೊಳ್ಳಬೇಡಿ. ಇಲಿ ಹತೋಟಿಗೆ ಅಂತ ದಶಕಗಳಿಂದ ವಾರ್ಫರಿನ್‌ನಂಥ ವಿಷ ಇಡುತ್ತಲೇ ಇದ್ದರು. ಸುಂಡಿಲಿಗಳಿಗೆ ಅದು ನಾಟದ ಹಾಗೂ ಆಗಿತ್ತು. ವರ್ಷಾವರ್ಷ ಇಲಿ ಸಾಯುತ್ತಿದ್ದವು, ವರ್ಷಾವರ್ಷ ಹುಟ್ಟುತ್ತಿದ್ದವು, ಜೊತೆಗೆ ಹಕ್ಕಿಮೊಟ್ಟೆಗಳೂ ಹೋಗುತ್ತಿದ್ದವು. ಕೊನೆಯಿಲ್ಲದ ಕೊಲ್ಲುವಿಕೆಗಿಂತ ಒಂದು ಸಲದ್ದು ಕಡಿಮೆ ಸಾವು ಅಂತ ನನ್ನ ಲೆಕ್ಕ. ನಿಮ್ಮ ನೋವು ತಪ್ಪು ಅಂತ ಹೇಳುತ್ತಿಲ್ಲ. ಆ ನೋವು ಇಲ್ಲದವರ ಕೈಗೆ ಈ ಕೆಲಸ ಕೊಡಬಾರದು ಅಂತ ನನಗನ್ನಿಸುತ್ತದೆ.

ಎಲೆಕಡ್ಡಿ:

ಕೀಟಗಳ ವಿಷಯ ಯಾರೂ ಎತ್ತಲಿಲ್ಲ, ನಾನು ಸೇರಿಸುತ್ತೇನೆ. ಲಾರ್ಡ್ ಹೌನ ದೊಡ್ಡ ಕಡ್ಡಿಹುಳು, ಅಂಗೈಯಷ್ಟು ಉದ್ದ, ಕಪ್ಪಗೆ ಹೊಳೆಯುವ ಮೈ. ಮೀನುಗಾರರು ಗಾಳಕ್ಕೆ ಸಿಕ್ಕಿಸುತ್ತಿದ್ದಷ್ಟು ಸಾಮಾನ್ಯವಾಗಿತ್ತಂತೆ. ಇಲಿ ಬಂದ ಮೇಲೆ 1920ರ ಹೊತ್ತಿಗೆ ಕಣ್ಮರೆ. 2001ರಲ್ಲಿ ಅಲ್ಲಿಂದ 23 ಕಿಲೋಮೀಟರ್ ದೂರದ ಬಾಲ್ಸ್ ಪಿರಮಿಡ್ ಅನ್ನುವ ಕಡಿದಾದ ಬಂಡೆಯ ಮೇಲೆ, ಒಂದು ಪೊದೆಯ ಬುಡದಲ್ಲಿ ಸಿಕ್ಕಿತು. ಇಡೀ ಜಾತಿ ಒಂದು ಪೊದೆಯನ್ನು ನಂಬಿಕೊಂಡು ಬದುಕಿತ್ತು. 2003ರಲ್ಲಿ ಎರಡು ಜೋಡಿ ತಂದರು. ಮೆಲ್ಬರ್ನ್ ಮೃಗಾಲಯಕ್ಕೆ ಬಂದ ಜೋಡಿಯ ಹೆಣ್ಣು ಸಾಯುವ ಸ್ಥಿತಿಗೆ ಹೋಗಿತ್ತು. ಅಲ್ಲಿಯವರು ಹನಿ ಹನಿಯಾಗಿ ಆಹಾರ ಬಾಯಿಗಿಟ್ಟು ಬದುಕಿಸಿಕೊಂಡರು. ಅಲ್ಲಿ ಸಾಕುವ ಹುಳುಗಳ ಸಂತಾನ ಶುರುವಾದದ್ದು ಆ ಜೋಡಿಯಿಂದಲೇ. 2017ರಲ್ಲಿ ವಂಶವಾಹಿ ಹೋಲಿಸಿ ನೋಡಿ ಹಳೆಯ ದ್ವೀಪದ್ದೂ ಇದೂ ಒಂದೇ ಜಾತಿ ಅಂತ ಖಚಿತ ಮಾಡಿದರು.

ಇನ್ನೊಂದು: ಕೊಳೆತ ಮರ ತಿಂದು ಬದುಕುವ, ರೆಕ್ಕೆಯಿಲ್ಲದ ಜಿರಲೆ. ಮುಖ್ಯ ದ್ವೀಪದಿಂದ 1930ರ ದಶಕದಲ್ಲೇ ಹೋಯಿತು ಅಂದುಕೊಂಡಿದ್ದರು. 2022ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ನಾರ್ತ್ ಬೇಯಲ್ಲಿ ಒಂದು ದೊಡ್ಡ ಆಲದ ಕೆಳಗೆ ಮೊದಲನೇ ಕಲ್ಲು ಎತ್ತಿದ, ಅಡಿಯಲ್ಲಿ ಅದೇ ಇತ್ತು. ಹಸಿರುಗರಿ, ಹಕ್ಕಿ ಸೆಮಿನಾರ್ ಆದರೂ ಇವಕ್ಕೆ ಒಂದು ಸ್ಲೈಡ್ ಕೊಡಿ. ಮರ ಕೊಳೆಸಿ ಮಣ್ಣು ಮಾಡುವವರು ಇವರೇ.

ಹಸಿರುಗರಿ:

ಇಷ್ಟೊಂದು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಜಿರಲೆಗೆ ಸ್ಲೈಡ್ ಖಂಡಿತ. 2021ರಲ್ಲಿ ಮತ್ತೆ ಇಲಿ ಕಾಣಿಸಿತು ಅಂತಲೂ ಓದಿದೆ. ಹಾಗಾದರೆ ಸೋತಂತೆ ಅಲ್ವಾ? ಮತ್ತೆ ಆ ಅಜ್ಜಿ ಏನಂದರು? ಈಗ ಮನಸ್ಸು ಬದಲಾಗಿದೆಯಾ?

ಕಳೆ ಕೀಳುವವಳು:

ಸೋತಂತೆ ಅಲ್ಲ. 2021ರ ಏಪ್ರಿಲ್‌ನಲ್ಲಿ ಒಂದು ಗಂಡು, ಒಂದು ಬಸುರಿ ಹೆಣ್ಣು ಸಿಕ್ಕವು. ಹುಡುಕಿದಾಗ ಇನ್ನಷ್ಟು ಸಿಕ್ಕವು. ಮತ್ತೆ ಪೆಟ್ಟಿಗೆ, ಬಲೆ, ವಾಸನೆ ಹಿಡಿಯುವ ನಾಯಿ ಎಲ್ಲ ಹೊರಗೆ ಬಂದವು, ಅವನ್ನೂ ತೆಗೆದರು. ಕಾವಲು ಮಾತ್ರ ನಿಲ್ಲುವುದಿಲ್ಲ. ಹೊರಗಿನಿಂದ ಬರುವ ಸಾಮಾನನ್ನು ನಾಯಿಗಳಿಂದ ಮೂಸಿಸುತ್ತಾರೆ. ಕಾಡಿನ ದಾರಿ ಶುರುವಾಗುವ ಕಡೆ ಬೂಟು ಉಜ್ಜಿ ಒಳಗೆ ಹೋಗಬೇಕು, ಯಾಕೆಂದರೆ ಈಗ ಮರ್ಟಲ್ ರಸ್ಟ್ ಎಂಬ ಗಿಡದ ರೋಗದ ಭಯ. 2023ರಲ್ಲಿ ಅದು ಕಂಡಾಗ ಕಾಡಿನ ದಾರಿಗಳನ್ನೇ ಮುಚ್ಚಿದ್ದರು.

ಅಜ್ಜಿಯ ಮನೆಯಲ್ಲೇ 2024ರಲ್ಲೂ ಉಳಿದಿದ್ದೆ. ಮನಸ್ಸು ಬದಲಾಯಿತಾ ಅಂತ ನಾನೇ ಕೇಳಿದೆ. 'ಈಗಲೂ ಕೇಳಿದರೆ ಬೇಡ ಅಂತಲೇ ಹೇಳುತ್ತೇನೆ, ನಮ್ಮನ್ನು ಕೇಳಿದ ರೀತಿ ಸರಿ ಇರಲಿಲ್ಲ' ಅಂದರು. ಪೆಟ್ಟಿಗೆ ನೋಡಲು ಬರುತ್ತಿದ್ದ ಹುಡುಗಿ ಮಾತ್ರ ಅವರಿಗೆ ಇಷ್ಟವಾಗಿದ್ದಳು. ಪ್ರತಿ ಸಲ ಬಾಗಿಲು ತಟ್ಟಿ, ಚಪ್ಪಲಿ ಬಿಟ್ಟು, ಟ್ಯಾಂಕಿನ ಮುಚ್ಚಳ ತೆಗೆದು ತೋರಿಸಿ ಹೋಗುತ್ತಿದ್ದಳಂತೆ. ಪಕ್ಕದ ಮನೆಯವರ ಜೊತೆ ಮಾತು ಮತ್ತೆ ಶುರುವಾಗಿತ್ತು, ಆದರೆ ಈ ವಿಷಯ ಬಿಟ್ಟು.

ಹೊರಡುವ ದಿನ ಬೆಳಿಗ್ಗೆ ಟಾರ್ಚ್ ಹಿಡಿದು ಹಿತ್ತಿಲ ಶೆಡ್ಡಿಗೆ ಕರೆದುಕೊಂಡು ಹೋದರು. ಮೂಲೆಯಲ್ಲಿ ಒಂದು ಮೇಣದ ತುಂಡು ಇತ್ತು, ಇಲಿ ಕಡಿದರೆ ಹಲ್ಲಿನ ಗುರುತು ಉಳಿಯಲಿ ಅಂತ ಇಟ್ಟದ್ದು. ಕನ್ನಡಕ ಹಾಕಿಕೊಂಡು ಅದನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದರು. 'ಏನೂ ಇಲ್ಲ' ಅಂದರು. ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಗೀಟು ಹಾಕಿದರು. ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಒಂದು ವಾರವೂ ಬಿಟ್ಟಿರಲಿಲ್ಲ.