ಮರು: ಕೈರೋಪ್ರಾಕ್ಟಿಕ್ ಕಾಲೇಜಿನ ಪರಿಚಯ ಪುಸ್ತಿಕೆಗೆ ಕನ್ನಡ ಪದಗಳು (ತುರ್ತು)

> ಬಲ್ಲವರಲ್ಲಿ ವಿನಂತಿ. ಅಮೆರಿಕದ ಖಾಸಗಿ ಕೈರೋಪ್ರಾಕ್ಟಿಕ್ ಕಾಲೇಜೊಂದರ ಪರಿಚಯ ಪುಸ್ತಿಕೆಯನ್ನು ಜಯನಗರದಲ್ಲಿ ಕುಳಿತು ಕನ್ನಡಕ್ಕೆ ತರುತ್ತಿದ್ದೇನೆ. ಮಕ್ಕಳನ್ನು ಅಲ್ಲಿಗೆ ಕಳುಹಿಸಲು ಯೋಚಿಸುತ್ತಿರುವ ತಂದೆತಾಯಂದಿರು ಓದುವ ಪುಸ್ತಿಕೆ. ಸೋಮವಾರ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ‘ಕೈರೋಪ್ರಾಕ್ಟಿಕ್’, ‘ಅಡ್ಜಸ್ಟ್‌ಮೆಂಟ್’, ‘ಕ್ಲಿನಿಕಲ್ ಇಂಟರ್ನ್‌ಶಿಪ್’, ಪದವಿಯ ಹೆಸರಾದ ‘ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್’ ಇವಕ್ಕೆ ಏನು ಬರೆಯಲಿ? ಬಳಗದ ಇಬ್ಬರು ಹಿರಿಯರು ‘ಕೈಮದ್ದು’ ಮತ್ತು ‘ಕರಚಿಕಿತ್ಸೆ’ ಎಂದು ಸೂಚಿಸಿದ್ದಾರೆ.

ಮಾನ್ಯರೇ,

‘ಕೈಮದ್ದು’ ಖಂಡಿತ ಬೇಡ. ನಮ್ಮ ಕಡೆ ‘ಮದ್ದು ಹಾಕಿದರು’ ಎಂದರೆ ಊಟದಲ್ಲಿ ಏನನ್ನೋ ಬೆರೆಸಿ ಕೇಡು ಬಗೆದರು ಎಂದೇ ಅರ್ಥ. ಕಾಲೇಜಿನ ಹೆಸರಿನಲ್ಲಿ ಆ ಪದ ಕಂಡ ತಾಯಿ ಮುಂದಿನ ಪುಟ ತಿರುಗಿಸುವುದಿಲ್ಲ. ಅಲ್ಲದೆ ಔಷಧಿ ಕೊಡದೆ, ಕೊಯ್ಯದೆ, ಕೈಯಿಂದಲೇ ಕೀಲುಗಳಿಗೆ ಚಿಕಿತ್ಸೆ ಮಾಡುತ್ತೇವೆಂಬುದು ಆ ಪದ್ಧತಿಯವರು ಮೊದಲಿನಿಂದ ಹೇಳಿಕೊಂಡು ಬಂದ ಮಾತು. ಅಚ್ಚಗನ್ನಡವೆಂಬ ಒಂದೇ ಕಾರಣಕ್ಕೆ ಮದ್ದಿಲ್ಲದ ಚಿಕಿತ್ಸೆಗೆ ಮದ್ದಿನ ಹೆಸರಿಡುವುದನ್ನು ನಾನು ಕನ್ನಡದ ಸೇವೆಯೆಂದು ಒಪ್ಪುವುದಿಲ್ಲ.

‘ಕರಚಿಕಿತ್ಸೆ’ ಸೂಚಿಸಿದವರು, ಕೈರೋಪ್ರಾಕ್ಟಿಕ್‌ನ ‘ಕೈರೋ’ಗೆ ಮೂಲವಾದ ಗ್ರೀಕಿನ ‘ಖೇಯ್ರ್’ (ಕೈ) ಮತ್ತು ಸಂಸ್ಕೃತದ ‘ಕರ’ ಒಂದೇ ಬೇರಿನವು ಎಂದಿದ್ದಾರೆ. ತಪ್ಪು. ‘ಕರ’ ಬಂದಿರುವುದು ‘ಕೃ’ ಧಾತುವಿನಿಂದ. ಗ್ರೀಕ್ ಪದಕ್ಕೆ ನಂಟಿರುವುದು ‘ಹಸ್ತ’ದೊಡನೆ. ಹಾಗೆಂದು ‘ಹಸ್ತಚಿಕಿತ್ಸೆ’ ಎಂದರೆ ಅವಸರದಲ್ಲಿ ಓದುವವರ ಕಣ್ಣಿಗೆ ಅದು ‘ಶಸ್ತ್ರಚಿಕಿತ್ಸೆ’ಯೆಂದೇ ಬೀಳುತ್ತದೆ. ಇಂಗ್ಲಿಷಿನ ‘ಸರ್ಜರಿ’ಯ ಬುಡದಲ್ಲಿರುವುದೂ ಇದೇ ಗ್ರೀಕ್ ಕೈ, ಆದರೆ ‘ಶಸ್ತ್ರಚಿಕಿತ್ಸೆ’ ಎಂಬ ಹೆಸರು ಆ ಬೇರನ್ನು ಹುಡುಕಿಕೊಂಡು ಹೋಗದೆ ಕೈಯಲ್ಲಿರುವ ಶಸ್ತ್ರವನ್ನು ಹಿಡಿದಿದೆ.

ನನ್ನ ಮಟ್ಟಿಗೆ ಕೈರೋಪ್ರಾಕ್ಟಿಕ್ ಎಂಬುದು ಅಂಕಿತನಾಮಕ್ಕೆ ಸಮ. 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟಿನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಆರಂಭಿಸಿದ ಪದ್ಧತಿಗೆ ಅವರ ಬಳಿ ಚಿಕಿತ್ಸೆಗೆ ಬರುತ್ತಿದ್ದ ಪಾದ್ರಿ ಸ್ಯಾಮ್ಯುಯೆಲ್ ವೀಡ್ ಕಟ್ಟಿಕೊಟ್ಟ ಹೆಸರದು. 1897ರಲ್ಲಿ ಪಾಮರ್ ಶಾಲೆಯನ್ನೂ ತೆರೆದರು. ಹೋಮಿಯೋಪತಿಯನ್ನು ಹಾಗೆಯೇ ಉಳಿಸಿಕೊಂಡು, ಬಸ್ಸು, ಬ್ಯಾಂಕುಗಳಿಗೆ ಉಕಾರ ಹಚ್ಚಿ ದಕ್ಕಿಸಿಕೊಂಡ ಭಾಷೆಗೆ ಇದೊಂದು ಭಾರವಾಗದು.

ಕನ್ನಡ ಬೇಕಾಗಿರುವುದು ಕಲಿಕೆಯ ಪದಗಳಿಗೆ. ‘ಅಡ್ಜಸ್ಟ್‌ಮೆಂಟ್’ಗೆ ನಿಘಂಟು ನೋಡಿ ‘ಹೊಂದಾಣಿಕೆ’ ಎಂದು ಬರೆದುಬಿಡಬೇಡಿ. ಅದು ನಮ್ಮ ಬಸ್ಸುಗಳಲ್ಲಿ ಇಬ್ಬರ ಸೀಟಿಗೆ ಮೂರನೆಯವರು ಬಂದು ಕೇಳುವ ‘ಅಡ್ಜಸ್ಟ್’. ಇಲ್ಲಿ ವಿದ್ಯಾರ್ಥಿ ಕಲಿಯುವುದು, ಒರಗಿಸಿ ಮಲಗಿಸಿದವರ ಬೆನ್ನಿನ ಒಂದು ಕೀಲಿನ ಮೇಲೆ ಅಂಗೈಯೂರಿ, ಚುರುಕಾಗಿ, ಅಳತೆ ಮೀರದಂತೆ ಒಮ್ಮೆ ಒತ್ತುವುದನ್ನು. ಆಗ ಎಷ್ಟೋ ಸಲ ನೆಟಿಗೆ ಮುರಿದಂಥ ಸದ್ದು ಬರುತ್ತದೆ. ನಮ್ಮಜ್ಜಿ ಹರಳೆಣ್ಣೆ ಹಚ್ಚಿ ನೀವಿ ‘ಉಳುಕು ತೆಗೆಯುತ್ತಿದ್ದರು’. ಆ ಮಾತು ನನಗೆ ಬಹಳ ಪ್ರಿಯ, ಆದರೆ ಉಳುಕದ ಬೆನ್ನಿಗೂ ಇವರು ಕೈಯಿಡುವುದರಿಂದ ಹೊಂದದು. ‘ಕೀಲು ಸರಿಪಡಿಸುವಿಕೆ’ ಸಾಕು.

‘ಕ್ಲಿನಿಕಲ್ ಇಂಟರ್ನ್‌ಶಿಪ್’ಗೆ ‘ಮೇಲ್ವಿಚಾರಣೆಯ ಚಿಕಿತ್ಸಾ ತರಬೇತಿ’ ಎನ್ನಿ. ಮೇಲ್ವಿಚಾರಣೆ ಎಂಬ ಮಾತನ್ನು ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2005ರ ಮಾರ್ಗಸೂಚಿ ಪೂರ್ಣಾವಧಿ ಶಿಕ್ಷಣಕ್ಕೆ ಕನಿಷ್ಠ 4,200 ಗಂಟೆಗಳನ್ನು ಹೇಳುತ್ತದೆ. ಅದರಲ್ಲಿ ಕನಿಷ್ಠ 1,000 ಗಂಟೆ ಹೀಗೆ ಬೋಧಕರ ಕಣ್ಣೆದುರಿನಲ್ಲೇ ಕೈ ಪಳಗಿಸಿಕೊಳ್ಳುವ ಅವಧಿ. ಚಿಕಿತ್ಸೆಯೆಲ್ಲ ಕೈಗುಣವೆಂದು ನಂಬಿದ ಓದುಗರಿಗೆ ಇದು ತಿಳಿಯಬೇಕು.

ಪದವಿಯ ಹೆಸರನ್ನು ಅನುವಾದಿಸಲೇಬೇಡಿ. ‘ವೈದ್ಯ ಪದವಿ’ ಎಂದರೆ ತಂದೆತಾಯಂದಿರು ಎಂಬಿಬಿಎಸ್ ಎಂದುಕೊಳ್ಳುತ್ತಾರೆ, ‘ಡಾಕ್ಟರೇಟ್’ ಎಂದರೆ ಪಿಎಚ್‌ಡಿ ಎಂದುಕೊಳ್ಳುತ್ತಾರೆ. ಲಕ್ಷಾಂತರ ರೂಪಾಯಿ ಹೊಂದಿಸುವವರಿಗೆ ಅನುವಾದಕರಿಂದ ಇಂಥ ಮೋಸವಾಗಬಾರದು.

ಇನ್ನೊಂದು. ಮಲ್ಲೇಶ್ವರದ ಕ್ಲಿನಿಕ್ ಒಂದರ ಬೋರ್ಡಿನಲ್ಲಿ ‘ಬೆನ್ನುಹುರಿ ಸರಿಪಡಿಸಲಾಗುವುದು’ ಎಂದಿದ್ದುದನ್ನು ನಾನೇ ಓದಿ ಬೆಚ್ಚಿದ್ದೇನೆ. ಹುರಿ ಒಳಗಿನ ನರ, ಇವರು ಒತ್ತುವುದು ಮೂಳೆಯ ಕೀಲನ್ನು. ಸೋಮವಾರ ಅಚ್ಚಿಗೆ ಕೊಡುವ ಮೊದಲು ಕರಡಿನಲ್ಲಿ ‘ಬೆನ್ನುಹುರಿ’ ಎಂದಿರುವ ಕಡೆಯೆಲ್ಲ ‘ಬೆನ್ನುಮೂಳೆ’ ಆಗಬೇಕೇ ಎಂದು ದಯವಿಟ್ಟು ನೋಡಿ.