ಅಪ್‌ಡೇಟ್: ಲಿಬ್‌ಫ್ಯೂಸ್ ದೋಷ ಬಗೆಹರಿಯಿತು

ಉಬುಂಟು 24.04 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಲಗ್ನಪತ್ರಿಕೆ ವಿನ್ಯಾಸದ ಆ್ಯಪ್‌ಇಮೇಜ್ (ಇನ್‌ಸ್ಟಾಲ್ ಮಾಡದೆಯೇ ಚಲಾಯಿಸಬಹುದಾದ, ಒಂದೇ ಕಡತದ ರೂಪದ) ತಂತ್ರಾಂಶವು ಐಕಾನ್ ಒತ್ತಿದರೂ ತೆರೆಯುವುದಿಲ್ಲವೆಂದು ಕೇಳಿದ್ದೆ. ಟರ್ಮಿನಲ್‌ನಿಂದ (ಆದೇಶಗಳನ್ನು ಟೈಪಿಸುವ ಕಿಟಕಿಯಿಂದ) ಚಲಾಯಿಸಿ ನೋಡಿ ಎಂದು ಸೂಚಿಸಿದ ಮೈಸೂರಿನ ಹಿರಿಯರಿಗೆ ನಾನು ಋಣಿ, ‘ಲಿಬ್‌ಫ್ಯೂಸ್.ಎಸ್‌ಒ.2’ ಎಂಬ ಲೈಬ್ರರಿ (ತಂತ್ರಾಂಶಕ್ಕೆ ಬೇಕಾದ ಸಹಾಯಕ ಕಡತ) ಸಿಗುತ್ತಿಲ್ಲವೆಂಬ ಸಂದೇಶ ಕಂಡದ್ದು ಅಲ್ಲಿಯೇ. ಮಂಡ್ಯದ ನಮ್ಮ ಡಿಟಿಪಿ ಅಂಗಡಿಯಲ್ಲಿ ಅದೀಗ ಸರಾಗವಾಗಿ ತೆರೆದುಕೊಳ್ಳುತ್ತಿದೆ.

ಈ ಆ್ಯಪ್‌ಇಮೇಜ್ ಕಡತವು ತನ್ನೊಳಗೆ ಅಡಕವಾಗಿರುವುದನ್ನು ಮೌಂಟ್ ಮಾಡಿಕೊಳ್ಳಲು (ಫೋಲ್ಡರಿನಂತೆ ತೆರೆದುಕೊಳ್ಳಲು) ಫ್ಯೂಸ್ ಎಂಬ ಸೌಲಭ್ಯದ 2ನೇ ಆವೃತ್ತಿಯ ಲೈಬ್ರರಿಯನ್ನು ಹುಡುಕುತ್ತದೆ, ಆದರೆ 22.04ರಿಂದೀಚೆಗೆ ಉಬುಂಟುವಿನಲ್ಲಿ ಮೊದಲೇ ಇರುವುದು 3ನೇ ಆವೃತ್ತಿ ಮಾತ್ರ. ಆದ್ದರಿಂದ ‘ಸುಡೊ ಆಪ್ಟ್ ಇನ್‌ಸ್ಟಾಲ್ ಲಿಬ್‌ಫ್ಯೂಸ್2ಟಿ64’ ಎಂಬ ಆದೇಶ ಕೊಟ್ಟು ಆ ಲೈಬ್ರರಿಯ ಪ್ಯಾಕೇಜನ್ನು ಹಾಕಿಕೊಂಡೆ. 22.04ರಲ್ಲಾದರೆ ಪ್ಯಾಕೇಜಿನ ಹೆಸರು ಬರೀ ಲಿಬ್‌ಫ್ಯೂಸ್2.

ಒಂದು ಮಾತನ್ನು ಒತ್ತಿ ಹೇಳಲೇಬೇಕು: ಹೆಸರು ಹತ್ತಿರವಿದೆಯೆಂದು ‘ಫ್ಯೂಸ್’ ಪ್ಯಾಕೇಜನ್ನು ಹಾಕಿಕೊಳ್ಳಬೇಡಿ. ಅದು ಫ್ಯೂಸ್3ನ್ನೂ, ಅದನ್ನೇ ನೆಚ್ಚಿಕೊಂಡಿರುವ ಡೆಸ್ಕ್‌ಟಾಪ್‌ನ ಭಾಗಗಳನ್ನೂ ತೆಗೆದುಹಾಕಬಹುದು. ಒಪ್ಪಿಗೆ ಸೂಚಿಸಲು ‘ವೈ’ ಒತ್ತುವ ಮುನ್ನ ಯಾವ ಯಾವ ಪ್ಯಾಕೇಜು ಹೋಗಲಿದೆಯೆಂಬ ಪಟ್ಟಿಯನ್ನು ದಯವಿಟ್ಟು ಓದಿರಿ.

ಅಡ್ಮಿನ್ ಪಾಸ್‌ವರ್ಡ್ ಇಲ್ಲದವರು ‘--ಆ್ಯಪ್‌ಇಮೇಜ್-ಎಕ್ಸ್‌ಟ್ರಾಕ್ಟ್’ ಆಯ್ಕೆಯಿಂದ ಕಡತವನ್ನು ಬಿಡಿಸಿಕೊಂಡು, ಅದರೊಳಗಿನ ‘ಆ್ಯಪ್‌ರನ್’ ಅನ್ನು ನೇರವಾಗಿ ಚಲಾಯಿಸಬಹುದು. ಆಗ ಫ್ಯೂಸ್ ಬೇಕಾಗುವುದಿಲ್ಲ.