ಸಿಸಿಎನ್‌ಎಗೆ ಯಾವುದನ್ನು ಓದುವುದು, ಯಾವುದರಲ್ಲಿ ಲ್ಯಾಬ್ ಮಾಡುವುದು?

ಕೇಳಿದವರು:
ಸಿಸ್ಕೋದ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ ಸಿಸಿಎನ್‌ಎ (200-301) ಬರೆಯಬೇಕು ಅಂತಿದ್ದೇನೆ. ಎರಡು ಸಂಪುಟದ ದಪ್ಪ ಪುಸ್ತಕ ಇದೆ, ಎರಡು ವಿಡಿಯೋ ಕೋರ್ಸ್ ಇಳಿಸಿಕೊಂಡಿದ್ದೇನೆ, ಪಿಡಿಎಫ್‌ಗಳಿಗಂತೂ ಲೆಕ್ಕವಿಲ್ಲ. ಮೂರು ತಿಂಗಳಾಯ್ತು, ಓದಿದ್ದಕ್ಕಿಂತ ಹುಡುಕಿದ್ದೇ ಜಾಸ್ತಿ. ಕಮಾಂಡ್ ಹೊಡೆಯುವ ಲ್ಯಾಬ್ ಪ್ರಶ್ನೆಗಳೂ ಬರುತ್ತವೆ, ಅದೇ ಭಯ. ಬರೆದವರು ಏನು ಇಟ್ಟುಕೊಂಡಿರಿ, ಏನು ಬಿಟ್ಟಿರಿ, ಸ್ವಲ್ಪ ಹೇಳಿ.

ಒಂದು ಸಲ ಫೇಲಾಗಿ, ಆಮೇಲೆ ಪಾಸಾದವರು:
ನಿಮ್ಮ ಕಥೆಯೇ ನನ್ನದೂ. ಮೂರು ಕೋರ್ಸ್ ಒಟ್ಟಿಗೆ ಶುರು ಮಾಡಿದ್ದೆ. ಮೂರರಲ್ಲೂ ಮೊದಲ ಪಾಠ ಓಎಸ್ಐ ಮಾಡೆಲ್, ಅಂದರೆ ನೆಟ್‌ವರ್ಕ್ ಕೆಲಸವನ್ನು ಏಳು ಲೇಯರ್ ಆಗಿ ವಿಂಗಡಿಸುವ ಮಾದರಿ. ಏಳು ಲೇಯರ್ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಎಸಿಎಲ್ (ಯಾವ ಟ್ರಾಫಿಕ್ ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ನಿಯಮಗಳು) ಪಾಠದ ತನಕ ಮಾತ್ರ ಒಂದರಲ್ಲೂ ಹೋಗಲಿಲ್ಲ.

ಎರಡನೇ ಸಲ ಪುಸ್ತಕ ತೆಗೆಯುವ ಮುಂಚೆ ಪರೀಕ್ಷೆಯ ವಿಷಯಗಳ ಪಟ್ಟಿ ತೆಗೆದೆ. ಸಿಸ್ಕೋ ತನ್ನ ವೆಬ್‌ಸೈಟಿನಲ್ಲಿ ಅದನ್ನು ಪುಕ್ಕಟೆ ಕೊಡುತ್ತದೆ. ಎಲ್ಲರೂ ಅದರಲ್ಲಿ ಶೇಕಡಾವಾರು ನೋಡುತ್ತಾರೆ: ಐಪಿ ಕನೆಕ್ಟಿವಿಟಿಗೆ 25, ಫಂಡಮೆಂಟಲ್ಸ್ ಮತ್ತು ನೆಟ್‌ವರ್ಕ್ ಆಕ್ಸೆಸ್‌ಗೆ ತಲಾ 20, ಸೆಕ್ಯುರಿಟಿಗೆ 15, ಐಪಿ ಸರ್ವಿಸಸ್ ಮತ್ತು ಆಟೊಮೇಷನ್‌ಗೆ ತಲಾ 10. ನನಗೆ ಉಪಯೋಗಕ್ಕೆ ಬಂದದ್ದು ಪ್ರತಿ ಸಾಲಿನ ಮೊದಲ ಪದ. ಕೆಲವು ಸಾಲು ‘ಕಾನ್ಫಿಗರ್ ಅಂಡ್ ವೆರಿಫೈ’ ಅಂತ ಶುರುವಾಗುತ್ತವೆ. ವಿಲ್ಯಾನ್ (ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್), ಟ್ರಂಕ್ (ಹಲವು ವಿಲ್ಯಾನ್ ಸಾಗಿಸುವ ಲಿಂಕ್), ಈಥರ್‌ಚಾನೆಲ್, ಸ್ಟ್ಯಾಟಿಕ್ ರೂಟ್, ಒಂದೇ ಏರಿಯಾದ ಓಎಸ್‌ಪಿಎಫ್ (ರೂಟರ್‌ಗಳು ತಮ್ಮತಮ್ಮಲ್ಲೇ ದಾರಿಯ ಮಾಹಿತಿ ಹಂಚಿಕೊಳ್ಳುವ ವಿಧಾನ), ನ್ಯಾಟ್, ಎಸಿಎಲ್ ಎಲ್ಲ ಆ ಗುಂಪು. ಇವನ್ನು ಕೈಯಾರೆ ಟೈಪ್ ಮಾಡಿಯೇ ಕಲಿಯಬೇಕು. ಇನ್ನು ಕೆಲವು ‘ಡಿಸ್ಕ್ರೈಬ್’ ಅಥವಾ ‘ಎಕ್ಸ್‌ಪ್ಲೇನ್’. ಅವಕ್ಕೆ ಪುಸ್ತಕ ಸಾಕು. ನಾನು ಮೊದಲ ಸಲ ಒಂದು ವಾರ ಪೂರ್ತಿ ಹೆಚ್‌ಎಸ್‌ಆರ್‌ಪಿ (ಒಂದು ರೂಟರ್ ಕೆಟ್ಟರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ವ್ಯವಸ್ಥೆ) ಕಮಾಂಡ್‌ ಬಾಯಿಪಾಠ ಮಾಡಿದ್ದೆ. ಪಟ್ಟಿ ನೋಡಿದರೆ ಆ ಸಾಲಿನಲ್ಲಿರುವುದು ಬರೀ ‘ಡಿಸ್ಕ್ರೈಬ್’. ಹೊಟ್ಟೆ ಉರಿಯಿತು.

ಆಮೇಲೆ ಸಾಮಗ್ರಿ ಆರಿಸುವುದು ಸುಲಭವಾಯಿತು. ‘ಡಿಸ್ಕ್ರೈಬ್’ ಸಾಲುಗಳಿಗೆ ಒಂದು ಪುಸ್ತಕ. ‘ಕಾನ್ಫಿಗರ್’ ಸಾಲುಗಳಿಗೆ ಪ್ಯಾಕೆಟ್ ಟ್ರೇಸರ್, ಅಂದರೆ ಕಂಪ್ಯೂಟರಿನಲ್ಲೇ ಸ್ವಿಚ್, ರೂಟರ್ ಜೋಡಿಸಿ ಅಭ್ಯಾಸ ಮಾಡುವ ಸಿಸ್ಕೋದ ಸಾಫ್ಟ್‌ವೇರ್. ಪುಸ್ತಕದಲ್ಲಿ ತಲೆಗೆ ಹೋಗದ ಪಾಠಕ್ಕೆ ಮಾತ್ರ ವಿಡಿಯೋ.

ಪುಸ್ತಕ ಹಳೆಯದಾ ಹೊಸದಾ ಅಂತ ತಿಳಿಯಲು ಒಳಗಿನ ವಿಷಯಸೂಚಿ ನೋಡಿ. ಫ್ರೇಮ್ ರಿಲೇ ಅನ್ನುವ ಹಳೆಯ ತಂತ್ರಕ್ಕೆ ಒಂದು ಅಧ್ಯಾಯವೇ ಇದ್ದರೆ ತುಂಬಾ ಹಳೆಯದು. ಆಟೊಮೇಷನ್ ಸಾಧನಗಳಲ್ಲಿ ಪಪೆಟ್, ಶೆಫ್ ಇದ್ದು ಟೆರಾಫಾರ್ಮ್ ಇಲ್ಲದಿದ್ದರೆ 2020ರ ಆವೃತ್ತಿಗೆ ಬರೆದದ್ದು. 2024ರ ಆಗಸ್ಟ್‌ನಲ್ಲಿ ಬಂದ 1.1 ಆವೃತ್ತಿಯಲ್ಲಿ ಅವೆರಡನ್ನೂ ತೆಗೆದು ಆನ್ಸಿಬಲ್ ಜೊತೆ ಟೆರಾಫಾರ್ಮ್ ಸೇರಿಸಿದ್ದಾರೆ, ಎಐ ಮೇಲೂ ಒಂದು ಸಾಲು ಇದೆ. 2020ರ ಪುಸ್ತಕ ಕೈಯಲ್ಲಿದ್ದರೆ ಎಸೆಯಬೇಡಿ. ರೂಟಿಂಗ್, ಸ್ವಿಚಿಂಗ್ ಹೆಚ್ಚುಕಡಿಮೆ ಅದೇ, ಬದಲಾದದ್ದನ್ನು ಬೇರೆ ಕಡೆ ಓದಿಕೊಂಡರಾಯಿತು.

ಲ್ಯಾಬ್ ಬಗ್ಗೆ ಒಂದು ಮಾತು. ‘ಇದನ್ನು ಟೈಪ್ ಮಾಡಿ, ಈಗ ಅದನ್ನು ಟೈಪ್ ಮಾಡಿ’ ಅನ್ನುವ ರೆಡಿಮೇಡ್ ಲ್ಯಾಬ್‌ಗಳಲ್ಲಿ ನನಗೆ ಯಾವಾಗಲೂ ನೂರಕ್ಕೆ ನೂರು. ಕಲಿತದ್ದು ಸೊನ್ನೆ. ಒಂದು ದಿನ ಖಾಲಿ ಫೈಲ್ ತೆರೆದು ನಾನೇ ಎರಡು ಸ್ವಿಚ್ ಜೋಡಿಸಿದೆ. ಟ್ರಂಕ್‌ನಲ್ಲಿ ವಿಲ್ಯಾನ್ 10 ಮತ್ತು 20 ಚೆನ್ನಾಗಿ ಓಡುತ್ತಿದ್ದವು. 30 ಸೇರಿಸೋಣ ಅಂತ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30’ ಹೊಡೆದೆ. ಅಷ್ಟೇ, 10, 20 ಎರಡೂ ಪಿಂಗ್ ನಿಲ್ಲಿಸಿದವು. ಅರ್ಧ ಗಂಟೆ ಕೇಬಲ್ ನೋಡಿದೆ, ಐಪಿ ನೋಡಿದೆ. ಕೊನೆಗೆ ‘ಶೋ ಇಂಟರ್‌ಫೇಸಸ್ ಟ್ರಂಕ್’ ಕೊಟ್ಟರೆ ಪಟ್ಟಿಯಲ್ಲಿ 30 ಒಂದೇ ಕೂತಿದೆ. 30ಕ್ಕೆ ಮೊದಲು ‘ಆಡ್’ ಹಾಕಬೇಕಿತ್ತು. ಇಲ್ಲದಿದ್ದರೆ ಹಳೆಯ ಪಟ್ಟಿ ಅಳಿಸಿ ಹೊಸದು ಕೂರುತ್ತದೆ. ಪುಸ್ತಕದಲ್ಲಿ ಇದೇ ವಿಷಯವನ್ನು ಎರಡು ಸಲ ಓದಿದ್ದೆ, ಅಲ್ವಾ ಮತ್ತೆ!

ಹಳೆಯ ಸ್ವಿಚ್ ಕೊಂಡವರು:
ಮೇಲಿನವರ ಮಾತಿಗೆ ನನ್ನದೂ ಒಪ್ಪಿಗೆ, ಆದರೆ ಪ್ಯಾಕೆಟ್ ಟ್ರೇಸರ್ ಒಂದೇ ಸಾಕು ಅನ್ನುವುದಕ್ಕೆ ಸ್ವಲ್ಪ ತಕರಾರಿದೆ. ಅದು ಸಿಮ್ಯುಲೇಟರ್. ಅದಕ್ಕೆ ಗೊತ್ತಿರುವ ಕಮಾಂಡ್‌ಗಳಷ್ಟೇ ನಡೆಯುತ್ತವೆ. ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು 2960, ಒಂದು 3560 ತಂದೆ. 2960ಯಲ್ಲಿ ನೇರವಾಗಿ ಟ್ರಂಕ್ ಮೋಡ್ ಕೊಟ್ಟರೆ ಸಾಕು. 3560ಯಲ್ಲಿ ಹಾಗೇ ಕೊಟ್ಟರೆ ಬೈಯುತ್ತದೆ, ಮೊದಲು ಎನ್‌ಕ್ಯಾಪ್ಸುಲೇಷನ್ (ವಿಲ್ಯಾನ್ ಗುರುತು ಹಾಕುವ ವಿಧಾನ) ಡಾಟ್1ಕ್ಯೂ ಅಂತ ಹೇಳಬೇಕು. ಇಂಥ ಸಣ್ಣಪುಟ್ಟದ್ದು ಡಬ್ಬ ಎದುರಿಗಿದ್ದಾಗ ಮರೆಯುವುದಿಲ್ಲ. ಹಾಗಂತ ನೀವೂ ತನ್ನಿ ಅನ್ನುವುದಿಲ್ಲ. ಫ್ಯಾನ್ ಸದ್ದಿಗೆ ಮನೆಯವರು ಎರಡನೇ ದಿನವೇ ಹೊರಗಿಡಿಸಿದರು.

ಡಬ್ಬ ಬೇಡ, ಆದರೆ ನಿಜವಾದ ಐಓಎಸ್ (ಸಿಸ್ಕೋ ಡಬ್ಬಗಳ ಆಪರೇಟಿಂಗ್ ಸಿಸ್ಟಮ್) ಬೇಕು ಅಂದರೆ ಜಿಎನ್‌ಎಸ್3 ಅಥವಾ ಈವ್-ಎನ್‌ಜಿ ಅನ್ನುವ ಸಾಫ್ಟ್‌ವೇರ್ ಇವೆ. ಅವುಗಳಿಗೆ ಇಮೇಜ್ (ಐಓಎಸ್ ಫೈಲ್) ನೀವೇ ಸರಿಯಾದ ದಾರಿಯಲ್ಲಿ ಹೊಂದಿಸಬೇಕು, ಅದೇ ದೊಡ್ಡ ತಲೆನೋವು. ಸಿಸ್ಕೋದ ಸ್ವಂತ ಲ್ಯಾಬ್ ಸಾಫ್ಟ್‌ವೇರ್ ಸಿಎಂಎಲ್‌ನ ಪುಕ್ಕಟೆ ಆವೃತ್ತಿಯಲ್ಲಿ ಐದು ನೋಡ್ (ರೂಟರ್, ಸ್ವಿಚ್‌ನಂಥವು) ಓಡಿಸಬಹುದು, ಇಮೇಜೂ ಅವರದೇ. ಸಿಸಿಎನ್‌ಎ ಮಟ್ಟಕ್ಕೆ ಐದು ಧಾರಾಳ. ನಾನು ಓಎಸ್‌ಪಿಎಫ್ ಕೆಡಿಸಿ ಕಲಿತದ್ದು ಅದರಲ್ಲೇ. ಎರಡು ಕಡೆ ಹಲೋ ಟೈಮರ್ (ರೂಟರ್‌ಗಳು ಒಂದಕ್ಕೊಂದು ‘ಹಲೋ’ ಕಳಿಸುವ ಅಂತರ) ಬೇರೆ ಮಾಡಿದರೆ ಪಕ್ಕದ ರೂಟರ್ ನೇಬರ್ ಪಟ್ಟಿಗೆ ಬರುವುದೇ ಇಲ್ಲ. ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ಬೇರೆ ಮಾಡಿದರೆ ಬರುತ್ತದೆ, ಆದರೆ ಎಕ್ಸ್‌ಸ್ಟಾರ್ಟ್ ಅನ್ನುವ ನಡುವಿನ ಹಂತದಲ್ಲಿ ಸಿಕ್ಕಿಕೊಂಡು ಮುಂದೆ ಹೋಗುವುದಿಲ್ಲ. ಲಕ್ಷಣ ನೋಡಿ ರೋಗ ಹೇಳುವ ಅಭ್ಯಾಸ ಹೀಗೆ ಬರುತ್ತದೆ.

ಇನ್ನೊಬ್ಬರು:
ಪಿಡಿಎಫ್ ಅಂದಿರಲ್ಲ, ಅದರಲ್ಲಿ ಡಂಪ್ (ಪರೀಕ್ಷೆಯಿಂದ ಕದ್ದ ಪ್ರಶ್ನೆಗಳ ಪಟ್ಟಿ) ಇದ್ದರೆ ಇವತ್ತೇ ಅಳಿಸಿ. ಅದನ್ನು ಬಳಸುವುದು ಪರೀಕ್ಷೆಯ ಒಪ್ಪಂದಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಸರ್ಟಿಫಿಕೇಟೇ ರದ್ದಾಗಬಹುದು. ನಾನು ನೋಡಿದ ಒಂದರಲ್ಲಿ ಉತ್ತರಗಳೂ ತಪ್ಪಿದ್ದವು.

ಸಬ್‌ನೆಟ್ಟಿಂಗ್‌ಗೆ (ನೆಟ್‌ವರ್ಕನ್ನು ಚಿಕ್ಕ ಭಾಗಗಳಾಗಿ ಒಡೆಯುವ ಲೆಕ್ಕಕ್ಕೆ) ಯಾವ ಸಾಮಗ್ರಿಯೂ ಬೇಡ, ಪೆನ್ನು ಹಾಳೆ ಸಾಕು. ದಿನಾ ಹತ್ತು ಲೆಕ್ಕ. 192.168.10.75/26 ಅಂದ ಕೂಡಲೇ ನೆಟ್‌ವರ್ಕ್ 64, ಬ್ರಾಡ್‌ಕಾಸ್ಟ್ 127 ಅಂತ ಬಾಯಿಗೆ ಬರಬೇಕು. ಪರೀಕ್ಷೆ 120 ನಿಮಿಷ, ದಾಟಿದ ಪ್ರಶ್ನೆಗೆ ವಾಪಸ್ ಹೋಗುವ ಹಾಗಿಲ್ಲ. ಇಲ್ಲಿ ಉಳಿಸಿದ ನಿಮಿಷ ಲ್ಯಾಬ್‌ಗೆ ಸಿಗುತ್ತದೆ.

ಕೇಳಿದವರು ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಪಟ್ಟಿ ಪ್ರಿಂಟ್ ತೆಗೆದು ‘ಕಾನ್ಫಿಗರ್’ ಇರುವ ಸಾಲುಗಳಿಗೆಲ್ಲ ಬಣ್ಣ ಹಾಕಿದೆ. ವೈರ್‌ಲೆಸ್‌ದು ಒಂದು ಇದೆ, ಅದು ಕಮಾಂಡ್ ಅಲ್ಲ, ಮೌಸ್‌ನಲ್ಲೇ ಮಾಡುವುದು ಅಂತ ಈಗ ಗೊತ್ತಾಯಿತು. ರಾತ್ರಿ ಎರಡು ಸ್ವಿಚ್ ಜೋಡಿಸಿ ಬೇಕಂತಲೇ ‘ಆಡ್’ ಬಿಟ್ಟು ನೋಡಿದೆ. ನಿಜ, ಉಳಿದ ವಿಲ್ಯಾನ್ ಎಲ್ಲ ಮಾಯ. ಒಂದು ವಿಡಿಯೋ ಕೋರ್ಸ್ ಡಿಲೀಟ್ ಮಾಡಿದ್ದೇನೆ. ಇನ್ನೊಂದಕ್ಕೆ ಇನ್ನೂ ಮನಸ್ಸು ಬಂದಿಲ್ಲ.